ಸಸ್ಟೇನ್, ಟಾಲರೇಟ್, ಬೇರ್, ಸಫರ್, ಎಂಡ್ಯೂರ್: ಎಲ್ಲದಕ್ಕೂ 'ಸಹಿಸು' ಅಂದರೆ ಸಾಕಾ?

ಜಮಖಂಡಿ ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಕಬ್ಬಿನ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಹೋಗಿ ಬೈಕ್ ಸಮೇತ ಬಿದ್ದರು. ಬಲಗಾಲಿನ ಎಲುಬು ಮುರಿದಿತ್ತು. ಬೆಳಗಾವಿಯಲ್ಲಿ ಆಪರೇಷನ್ ಆಗಿ ಈಗ ಮನೆಗೆ ಬಂದಿದ್ದಾರೆ. ಡಿಸ್ಚಾರ್ಜ್ ಕಾರ್ಡ್ ಓದಿ ಹೇಳು ಅಂತ ಚಿಗವ್ವ ನನ್ನ ಕೈಗೆ ಕೊಟ್ಟಳು.

ಅದರಲ್ಲಿ ಹೀಗೆ ಬರೆದಿದೆ: 'ಪೇಷಂಟ್ ಸಸ್ಟೇನ್ಡ್ ಫ್ರ್ಯಾಕ್ಚರ್'. 'ಅಂಡರ್‌ವೆಂಟ್ ಸರ್ಜರಿ'. 'ಟಾಲರೇಟೆಡ್ ದ ಪ್ರೊಸೀಜರ್ ವೆಲ್'. 'ನಾನ್ ವೇಟ್ ಬೇರಿಂಗ್'. ಮೇಲೆ 'ಸಫರಿಂಗ್ ಫ್ರಮ್ ಡಯಾಬಿಟಿಸ್'.

ನಿಘಂಟು ತೆಗೆದರೆ ಐದಕ್ಕೂ, ಪಕ್ಕದಲ್ಲೇ ಬರುವ ಎಂಡ್ಯೂರ್‌ಗೂ ಅದೇ ಅದೇ: ಸಹಿಸು, ತಾಳು, ಅನುಭವಿಸು. 'ಕಾಕಾ ಆಪರೇಷನ್ ಚೆನ್ನಾಗಿ ಸಹಿಸಿಕೊಂಡರು' ಅಂತ ಓದಿದ ಕೂಡಲೇ ಚಿಗವ್ವ ಕಣ್ಣೀರು ಹಾಕಿದಳು. 'ಎಚ್ಚರ ಇದ್ದಾಗನ ಕೊಯ್ದರೇನೋ?' ಅಂತ ಕೇಳಿದಳು. ಒಂದೇ ಕಾಗದದಲ್ಲಿ ಐದು ಪದ ಯಾಕೆ? ಯಾವುದು ಏನು ಹೇಳುತ್ತದೆ? ತಿಳಿದವರು ದಯವಿಟ್ಟು ಹೇಳಿ.

ವಾರ್ಡ್ ಸಿಸ್ಟರ್, ಬೆಳಗಾವಿ

ತಮ್ಮಾ, ಮೊದಲು ಚಿಗವ್ವನಿಗೆ ಸಮಾಧಾನ ಹೇಳು. 'ಟಾಲರೇಟೆಡ್ ವೆಲ್' ಅನ್ನೋದು ನೋವಿನ ಮಾತೇ ಅಲ್ಲ. ಅರಿವಳಿಕೆ ಕೊಟ್ಟಾಗ, ಆಪರೇಷನ್ ನಡೆಯುವಾಗ ಬಿಪಿ, ಉಸಿರು, ಎದೆಬಡಿತ ಹದ ತಪ್ಪಲಿಲ್ಲ, ಮೈ ಅದಕ್ಕೆ ಒಗ್ಗಿಕೊಂಡಿತು ಅಂತ ಅರ್ಥ. ಇದು ಸಿಹಿ ಸುದ್ದಿ.

ನಮ್ಮ ವಾರ್ಡಿನಲ್ಲಿ ದಿನಾ ಬರೆಯುವ ಇನ್ನೊಂದು ಮಾತಿದೆ: 'ಟಾಲರೇಟಿಂಗ್ ಓರಲಿ'. ಆಪರೇಷನ್ ಆದ ಮೇಲೆ ಮೊದಲು ಎರಡು ಚಮಚ ನೀರು, ಆಮೇಲೆ ಎಳನೀರು, ಆಮೇಲೆ ಗಂಜಿ. ವಾಂತಿ ಆಗದೆ ಹೊಟ್ಟೆಯಲ್ಲಿ ನಿಂತರೆ ಈ ಮಾತು ಬರೆಯುತ್ತೇವೆ. ಹೊರಗೆ ಕಾಯುತ್ತಿರುವ ಮನೆಯವರಿಗೆ ಅದನ್ನೇ 'ಗಂಜಿ ದಕ್ಕಿತು ನೋಡ್ರಿ' ಅಂತ ಹೇಳಿದರೆ ಅವರ ಮುಖ ಅರಳುತ್ತದೆ. ಆಸ್ಪತ್ರೆಯ ಟಾಲರೇಟ್‌ಗೆ ನನ್ನ ಪ್ರಕಾರ ದಕ್ಕು, ಒಗ್ಗು ಇವೇ ಸರಿಯಾದ ಪದ.

'ನಾನ್ ವೇಟ್ ಬೇರಿಂಗ್' ಅಂದರೆ ಆ ಕಾಲು ಊರಬಾರದು. ಮೈಭಾರ ಅದರ ಮೇಲೆ ಬೀಳಬಾರದು. ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳು. 'ನೋವಿಲ್ಲವಲ್ಲ, ನಡೀತೀನಿ' ಅನ್ನುವ ಗಂಡಸರನ್ನು ಬಹಳ ನೋಡಿದ್ದೇನೆ. ನೋವು ಇದೆಯೋ ಇಲ್ಲವೋ ಅದು ಬೇರೆ. ಎಲುಬು ಕೂಡುವ ತನಕ ಭಾರ ಹಾಕಬಾರದು. 'ಪಾರ್ಶಿಯಲ್ ವೇಟ್ ಬೇರಿಂಗ್' ಅಂತ ಡಾಕ್ಟರು ಬರೆದುಕೊಟ್ಟ ಮೇಲೆ ವಾಕರ್ ಹಿಡಿದು ಅರೆಭಾರ ಹಾಕಬಹುದು. ಅಲ್ಲಿಯ ತನಕ ಇಲ್ಲ.

ನವನಗರ ಮಾಸ್ತರ

ಸಿಸ್ಟರ್ ಬಹಳ ಚಂದ ಹೇಳಿದರು. 'ದಕ್ಕಿತು' ಅನ್ನುವ ಪದ ಯಾವ ಇಂಗ್ಲಿಷ್-ಕನ್ನಡ ಪಟ್ಟಿಯಲ್ಲೂ ಟಾಲರೇಟ್ ಎದುರಿಗೆ ನನಗೆ ಕಂಡಿರಲಿಲ್ಲ. ಆದರೆ ಅದೇ ಪಕ್ಕಾ.

ನಾನು ಬಾಗಲಕೋಟೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಈ ಪದಗಳ ಬಗ್ಗೆ ಒಂದು ಮಾತು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ನೋವು ಎಷ್ಟು ಅಂತ ಇವು ಅಳೆಯುವುದಿಲ್ಲ. ಕಷ್ಟಕ್ಕೂ ಮನುಷ್ಯನಿಗೂ ನಡುವೆ ಏನು ನಡೆದಿದೆ ಅಂತ ಹೇಳುತ್ತವೆ. ಅವನು ಹೊತ್ತನಾ? ಎದುರು ನಿಂತನಾ? ಬೇಡ ಅನ್ನಬಹುದಾಗಿದ್ದರೂ ಬಿಟ್ಟುಕೊಟ್ಟನಾ? ಸುಮ್ನೆ ಅವನ ಮೇಲೆ ಬಂದು ಬಿತ್ತಾ? ಪ್ರಶ್ನೆ ಬದಲಾದರೆ ಪದವೂ ಬದಲಾಗುತ್ತದೆ.

ಬೇರ್ ಅಂದರೆ ಹೊರುವುದು. ಹಳೆಯ ಇಂಗ್ಲಿಷಿನಿಂದಲೂ ಇರುವ ಪದ. ಕಾಯಿ ಬಿಡುವ ಗಿಡಕ್ಕೂ ಅದೇ, ಹೆರುವ ತಾಯಿಗೂ ಅದೇ, ಮದುವೆ ಖರ್ಚು ವಹಿಸಿಕೊಂಡವನಿಗೂ ಅದೇ. ಭಾರ ಎಲ್ಲಿದೆಯೋ ಅಲ್ಲಿ ಬೇರ್ ಇದೆ.

ಎಂಡ್ಯೂರ್ ಬಂದದ್ದು ಲ್ಯಾಟಿನ್ನಿನ 'ಡ್ಯೂರಸ್' ಪದದಿಂದ. ಗಟ್ಟಿ ಅಂತ ಅರ್ಥ. ಡ್ಯೂರೇಶನ್, ಡ್ಯೂರೆಬಲ್, ದಿನಾ ಬಳಸುವ ಡ್ಯೂರಿಂಗ್, ಎಲ್ಲವೂ ಇದೇ ಮನೆತನ. ಹಾಗಾಗಿ ಎಂಡ್ಯೂರ್ ಒಳಗೆ ಕಾಲ ಇದೆ. ಇಂಜೆಕ್ಷನ್ ಚುಚ್ಚಿದ ಒಂದು ಕ್ಷಣಕ್ಕೆ ಈ ಪದ ಸಾಮಾನ್ಯವಾಗಿ ಬರುವುದಿಲ್ಲ. ವರ್ಷಗಟ್ಟಲೆ ಬರ, ಸೆರೆಮನೆ, ಬಿಡದ ಬೇನೆ, ಇಂಥದ್ದಕ್ಕೆ ಬರುತ್ತದೆ. ಕಷ್ಟದ ಮಾತೇ ಇಲ್ಲದೆ, ಬಹುಕಾಲ ಉಳಿಯುವುದು ಅಂತಲೂ ಬರುತ್ತದೆ. ನಮ್ಮ ಗಾದೆಯಲ್ಲಿ 'ತಾಳಿದವನು ಬಾಳಿಯಾನು' ಅಂತ ಎರಡು ಪದ ಬೇಕಾಯಿತು. ಎಂಡ್ಯೂರ್ ಆ ಎರಡನ್ನೂ ಒಟ್ಟಿಗೆ ಹೇಳುತ್ತದೆ.

ಸಫರ್ ಕೂಡ ಮೂಲದಲ್ಲಿ ಹೊರುವ ಪದವೇ. ಆದರೆ ಕೆಳಗೆ ಸಿಕ್ಕಿಕೊಂಡು ಹೊರುವುದು. ಸಫರ್ ಆದವನು ಗಟ್ಟಿ ನಿಂತನೋ ಕುಸಿದನೋ ಅಂತ ಆ ಪದ ಹೇಳುವುದಿಲ್ಲ. ಹಿಂದೆ ಇದಕ್ಕೆ 'ಬಿಡು, ಅಡ್ಡಿ ಮಾಡಬೇಡ' ಎಂಬ ಅರ್ಥವೂ ಇತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯೇಸು ಮಕ್ಕಳನ್ನು ತನ್ನ ಬಳಿ ಬರಗೊಡಿ ಅನ್ನುವ ಕಡೆ ಇರುವುದು ಇದೇ ಸಫರ್. ಅಲ್ಲಿ ಮಕ್ಕಳಿಗೆ ನೋವು ಕೊಡುವ ಮಾತೇ ಇಲ್ಲ.

ನಿಮ್ಮ ಕಾರ್ಡಿನಲ್ಲಿ ಆರನೆಯ ಪದವೂ ಇದೆ ತಮ್ಮಾ: ಪೇಷಂಟ್. ಲ್ಯಾಟಿನ್ನಿನಲ್ಲಿ ಅದರ ಅರ್ಥ ನೋವುಣ್ಣುವವನು. ಪೇಶನ್ಸ್, ಪ್ಯಾಶನ್, ಪ್ಯಾಸಿವ್, ಮೂರೂ ಅದರ ಒಡಹುಟ್ಟಿದವು.

ಜಮಖಂಡಿ ಹುಡುಗ

ಸಿಸ್ಟರ್, ಚಿಗವ್ವ ಈಗ ಸಮಾಧಾನ ಆಗಿದ್ದಾಳೆ. ಸರ್, ಸಸ್ಟೇನ್ ಮತ್ತು ಅಂಡರ್‌ಗೋ ಉಳಿದವು.

ನವನಗರ ಮಾಸ್ತರ

ಸಸ್ಟೇನ್ ಪದಕ್ಕೆ ಎರಡು ಮುಖ. ಮೂಲ ಅರ್ಥ ಕೆಳಗಿನಿಂದ ಎತ್ತಿ ಹಿಡಿ. ಪೊಲೀಸ್ ಪಂಚನಾಮೆ, ಆಸ್ಪತ್ರೆ ಕಾಗದ, ವಿಮೆ ಕಾಗದದಲ್ಲಿ ಮಾತ್ರ 'ಪೆಟ್ಟಾಯಿತು, ನಷ್ಟವಾಯಿತು' ಅಂತ ಅರ್ಥ. ಮನೆಮಾತಿನಲ್ಲಿ ಯಾರೂ ಹಾಗೆ ಬಳಸುವುದಿಲ್ಲ. ಅಂಡರ್‌ಗೋ ಅಂದರೆ ಒಂದು ಕ್ರಮಕ್ಕೆ ಒಳಗಾಗುವುದು. ಆಪರೇಷನ್, ತರಬೇತಿ, ರಿಪೇರಿ. ಅದರಲ್ಲಿ ದುಃಖವೂ ಇಲ್ಲ, ಧೈರ್ಯವೂ ಇಲ್ಲ.

ಪರೀಕ್ಷೆ ತಯಾರಿ, ವಿಜಯಪುರ

ಸರ್, ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸಮಾನಾರ್ಥಕ ಪದ ಕೇಳುತ್ತಾರೆ. ಅಲ್ಲಿ ಟಾಲರೇಟ್, ಬೇರ್, ಎಂಡ್ಯೂರ್ ಎಲ್ಲ ಒಂದೇ ಅಂತ ನಮ್ಮ ನೋಟ್ಸ್‌ನಲ್ಲಿದೆ. ಇಷ್ಟು ಆಳಕ್ಕೆ ಹೋದರೆ ಉತ್ತರ ಹೇಗೆ ಗುರುತಿಸುವುದು? ಮತ್ತೆ ಪರ್ಸೆವಿಯರ್ ಎಲ್ಲಿ ಸೇರುತ್ತದೆ?

ನವನಗರ ಮಾಸ್ತರ

ಸಮಾನಾರ್ಥಕ ಕೇಳಿದಾಗ ಹತ್ತಿರದ್ದನ್ನು ಗುರುತಿಸಿ ಮುಂದೆ ಹೋಗು, ತೊಂದರೆ ಇಲ್ಲ. ಬಿಟ್ಟ ಜಾಗ ತುಂಬಲು ಕೊಟ್ಟಾಗ ಆ ನೋಟ್ಸ್ ಕೈ ಕೊಡುತ್ತದೆ. ಪರ್ಸೆವಿಯರ್ ಬೇರೆ ಸಾಲಿನದು. ಅದು ನೀನಾಗಿ ಹಿಡಿದ ಕೆಲಸ. ಪಾಸಾಗದಿದ್ದರೂ ಮತ್ತೆ ಓದಲು ಕೂರುತ್ತೀಯಲ್ಲ, ಅದು ಪರ್ಸೆವಿಯರ್. ರೂಮಿನ ಸೆಕೆ, ಮೆಸ್ಸಿನ ಊಟ, ಊರಿಂದ ದೂರ ಇರುವುದು, ಇವನ್ನು ಎಂಡ್ಯೂರ್ ಮಾಡುತ್ತೀಯ. ಒಂದು ನೀನು ಮಾಡುವುದು, ಇನ್ನೊಂದು ನಿನ್ನ ಮೇಲೆ ಬರುವುದು.

ಸೈಟ್ ಇಂಜಿನಿಯರ್, ವಿಜಯಪುರ

ನಮ್ಮ ಕೆಲಸದಲ್ಲಿ ಬೇರ್ ಮತ್ತು ವಿತ್‌ಸ್ಟ್ಯಾಂಡ್ ಅದಲು ಬದಲಾದರೆ ನಡೆಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲೋಡ್ ಬೇರಿಂಗ್ ಗೋಡೆ ಅಂದರೆ ಮೇಲಿನ ಭಾರವನ್ನು ಸದಾ ಹೊತ್ತ ಗೋಡೆ. ಹಗಲು ರಾತ್ರಿ, ಮನೆಯಲ್ಲಿ ಯಾರೂ ಇಲ್ಲದಾಗಲೂ ಹೊರುತ್ತದೆ. ಗ್ಯಾರೇಜಿನವರು 'ಬೇರಿಂಗ್ ಹೋಗೇತ್ರಿ' ಅನ್ನುತ್ತಾರಲ್ಲ, ಅದೂ ಇದೇ. ತಿರುಗುವ ಶಾಫ್ಟಿನ ಭಾರ ಹೊರುವ ಭಾಗ.

ವಿತ್‌ಸ್ಟ್ಯಾಂಡ್‌ಗೆ ಎದುರಾಳಿ ಬೇಕು. ಈ ಪದದ ಆರಂಭದ 'ವಿತ್'ಗೆ ಹಳೆಯ ಇಂಗ್ಲಿಷಿನಲ್ಲಿ 'ಎದುರು' ಅಂತ ಅರ್ಥ. ಗಾಳಿ, ನೆರೆ, ಭೂಕಂಪ, ಒತ್ತಡ, ಏನಾದರೂ ಬಂದು ನೂಕಬೇಕು, ಇದು ಮುರಿಯದೆ ನಿಲ್ಲಬೇಕು. ಎಂ 20 ಕಾಂಕ್ರೀಟ್ ಸರಿ ಇದೆಯಾ ಅಂತ ನೋಡಲು 150 ಮಿಲಿಮೀಟರಿನ ಕ್ಯೂಬ್ ಹಾಕಿ, 28 ದಿನ ನೀರಿನಲ್ಲಿ ಇಟ್ಟು, ಮಷಿನ್ನಿನಲ್ಲಿ ಒತ್ತುತ್ತೇವೆ. ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡವನ್ನು ಅದು ವಿತ್‌ಸ್ಟ್ಯಾಂಡ್ ಮಾಡಬೇಕು. ಒತ್ತುವಾಗ ಮೂಲೆಯಿಂದ ಸಣ್ಣ ಚಕ್ಕೆ ಹಾರುತ್ತದೆ, ಆಮೇಲೆ ಕೂದಲಿನಂಥ ಬಿರುಕು, ಆಮೇಲೆ ಒಮ್ಮೆಲೇ ಒಡೆಯುತ್ತದೆ. ಒಡೆಯುವ ಮುಂಚೆ ಮಷಿನ್ನಿನ ಮುಳ್ಳು ಎಲ್ಲಿ ತನಕ ಹೋಗಿತ್ತು ಅನ್ನೋದೇ ಲೆಕ್ಕ.

ನಮ್ಮೂರ ಗೋಳಗುಮ್ಮಟ ನೋಡಿ. 1656ರಲ್ಲಿ ಮುಗಿದ, ಮೊಹಮ್ಮದ್ ಆದಿಲ್ ಶಾಹನ ಗೋರಿ. ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೂ ಕಂಬ ಇಲ್ಲ. ಒಂದನ್ನೊಂದು ದಾಟಿ ಹೋಗುವ ಕಮಾನುಗಳು ಆ ಭಾರವನ್ನು ಗೋಡೆಗೆ ಇಳಿಸುತ್ತವೆ. ಆ ಗೋಡೆ ಬೇರ್ ಮಾಡುತ್ತದೆ. ಮಳೆ, ಗಾಳಿ, ಸಿಡಿಲನ್ನು ಕಟ್ಟಡ ವಿತ್‌ಸ್ಟ್ಯಾಂಡ್ ಮಾಡಿದೆ. ಮೂರೂವರೆ ಶತಮಾನ ದಾಟಿ ಉಳಿದದ್ದು ಎಂಡ್ಯೂರ್. ಟಾಲರೇಟ್ ಅನ್ನಲು ಆಗುವುದಿಲ್ಲ, ಅಲ್ವಾ?

ಇಂಜಿನಿಯರಿಂಗಿನಲ್ಲಿ ಟಾಲರೆನ್ಸ್ ಇದೆ, ಆದರೆ ಅದು 'ಇಷ್ಟು ಹೆಚ್ಚು ಕಡಿಮೆ ಆದರೆ ನಡೆಯುತ್ತದೆ' ಅನ್ನುವ ಅಳತೆ.

ಟೆಂಡರ್ ಹಾಕುವ ಹುಡುಗರಿಗೆ ಒಂದು ಎಚ್ಚರಿಕೆ. 'ಶಾಲ್ ಬಿ ಬೋರ್ನ್ ಬೈ ದ ಕಾಂಟ್ರ್ಯಾಕ್ಟರ್' ಅಂತ ಬಂದಲ್ಲಿ ನಿಂತು ಓದಿ. ಆ ದುಡ್ಡು ನಿಮ್ಮ ಜೇಬಿನಿಂದ ಹೋಗುತ್ತದೆ ಅಂತ ಅರ್ಥ. ಕೊನೆಗೆ 'ಇ' ಅಕ್ಷರ ಇದ್ದರೆ ಅದು ಹೊರುವ ಬೋರ್ನ್, ಇಲ್ಲದಿದ್ದರೆ ಹುಟ್ಟಿದ ಬೋರ್ನ್.

ಎರಿಹೊಲ, ತಿಕೋಟಾ ಕಡೆ

ನಮ್ಮ ಬೀಜದ ಚೀಲದ ಮೇಲೂ ಈ ಪದಗಳಿವೆ. ಡ್ರೌಟ್ ಟಾಲರಂಟ್, ಡ್ರೌಟ್ ರೆಸಿಸ್ಟಂಟ್. ಎರಡಕ್ಕೂ 'ಬರ ತಡೆಯುವ ತಳಿ' ಅಂತ ಅಂಗಡಿಯವರು ಹೇಳುತ್ತಾರೆ. ಕೃಷಿ ವಿಜ್ಞಾನದಲ್ಲಿ ರೆಸಿಸ್ಟೆನ್ಸ್ ದೊಡ್ಡ ಹೆಸರು. ಅದರೊಳಗೆ ಮೂರು ದಾರಿ. ಬೇಗ ಕಾಳು ಕಟ್ಟಿ ಬರ ಬರುವ ಮುಂಚೆಯೇ ಕೊಯ್ಲಿಗೆ ಬರುವುದು ಎಸ್ಕೇಪ್. ಬೇರು ಆಳಕ್ಕೆ ಬಿಟ್ಟು ಹಸಿ ಹುಡುಕಿಕೊಂಡು ಒಣಗದೆ ಉಳಿಯುವುದು ಅವಾಯ್ಡೆನ್ಸ್. ಮೈಯೊಳಗೆ ನೀರು ಕಡಿಮೆ ಆದರೂ ಜೀವ ಹಿಡಿದು ಕೆಲಸ ಮಾಡುವುದು ಟಾಲರೆನ್ಸ್.

ಹಿಂಗಾರಿ ಬಿಳಿಜೋಳ ಬೆಳೆಯುವವರಿಗೆ ಇದು ಪುಸ್ತಕದ ಮಾತಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುತ್ತೇವೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಿ ಭೂಮಿ ಒಳಗೆ ಹಿಡಿದಿಟ್ಟ ಹಸಿಯ ಮೇಲೆಯೇ ಮಾಲದಂಡಿ ಜೋಳ ತೆನೆ ಹಾಕಬೇಕು. ಜನವರಿಯಲ್ಲಿ ಹೊಲಕ್ಕೆ ಹೋದರೆ ನೆಲ ಕೈ ತೂರುವಷ್ಟು ಬಿರಿದಿರುತ್ತದೆ. ಕೆಳಗಿನ ಎಲೆ ಒಣಗಿ ಸದ್ದು ಮಾಡುತ್ತವೆ. ಮೇಲಿನ ಎರಡು ಮೂರು ಎಲೆ ಹಸಿರು, ತೆನೆ ತುಂಬಿರುತ್ತದೆ.

ದ್ರಾಕ್ಷಿಗೂ ಇದೇ ಲೆಕ್ಕ. ನಮ್ಮ ಬೋರಿನ ನೀರು ಸವಳು. ಅದಕ್ಕೇ ಡಾಗ್‌ರಿಡ್ಜ್ ಎಂಬ ದ್ರಾಕ್ಷಿ ತಳಿಯ ಬೇರಿನ ಮೇಲೆ ಕಸಿ ಕಟ್ಟುತ್ತೇವೆ. ಉಪ್ಪನ್ನು ಅದು ಟಾಲರೇಟ್ ಮಾಡುತ್ತದೆ. ಸಿಸ್ಟರ್ ಹೇಳಿದ 'ದಕ್ಕು' ಇಲ್ಲೂ ಸರಿ ಹೊಂದುತ್ತದೆ. ಸವಳು ನೀರು ಆ ಬೇರಿಗೆ ದಕ್ಕುತ್ತದೆ. ಹಾಗಂತ ಎಷ್ಟು ಸವಳಾದರೂ ನಡೆಯುತ್ತದೆ ಅಂದುಕೊಂಡರೆ ಬಳ್ಳಿ ಹೋಗುತ್ತದೆ. ಟಾಲರೆನ್ಸ್‌ಗೆ ಒಂದು ಮಿತಿ ಇದ್ದೇ ಇದೆ.

ಹಳೇ ಬಾಗಲಕೋಟೆಯವಳು

ನಾನು ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನದು ಒಂದು ಪದದ ತಕರಾರು ಇದೆ: ರೆಸಿಲಿಯಂಟ್.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಊರು ಮುಳುಗಡೆ ಆದದ್ದರ ಬಗ್ಗೆ ಇಂಗ್ಲಿಷಿನಲ್ಲಿ ಯಾರು ಬರೆದರೂ 'ರೆಸಿಲಿಯಂಟ್ ಪೀಪಲ್' ಅಂತ ಬರೆಯುತ್ತಾರೆ. ಹೊಗಳಿಕೆ ಅಂತಲೇ ಬರೆಯುತ್ತಾರೆ. ಆ ಪದದ ಮೂಲ ಹುಡುಕಿದೆ. ಪುಟಿದು ಹಿಂದಕ್ಕೆ ಬರುವುದು ಅಂತ ಇದೆ. ಒತ್ತಿದ ಸ್ಪ್ರಿಂಗ್ ಮೊದಲಿದ್ದ ಜಾಗಕ್ಕೆ ಬರುವ ಹಾಗೆ. ನಮ್ಮ ಮೊದಲಿನ ಜಾಗ ನೀರಿನ ಕೆಳಗಿದೆ. ಎಲ್ಲಿಗೆ ಪುಟಿಯುವುದು?

ಆಲಮಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ನೀರು ನಿಂತದ್ದು ಬಹಳ ವರ್ಷದ ಮೇಲೆ. ನಡುವೆ ನಮ್ಮ ಅಪ್ಪನ ಕಾಲದವರು ಮನೆಗೆ ಹೊಸ ಕೋಣೆ ಹಾಕಲೋ ಬೇಡವೋ ಅಂತ ಯೋಚನೆ ಮಾಡುತ್ತಲೇ ಇದ್ದರು. ಹೇಗೂ ಮುಳುಗುತ್ತದಲ್ಲ! ಸುಣ್ಣ ಬಳಿಯಲೂ ಮನಸ್ಸಿರಲಿಲ್ಲ. ಕೊನೆಗೆ ಹೊರಟಾಗ ತಲೆಬಾಗಿಲ ಚೌಕಟ್ಟು ಕಿತ್ತು ತಂದೆವು. ಮುಳುಗಡೆಯವರಿಗೆ ಕಟ್ಟಿದ ನವನಗರದ ಮನೆಗೆ ಅದು ಅಗಲ ಜಾಸ್ತಿ ಆಯಿತು. ಎರಡೂ ಕಡೆ ಕೊರೆದು ಕೂರಿಸಿದರು. ಅವ್ವ ಹಬ್ಬಕ್ಕೆ ಅದಕ್ಕೇ ಅರಿಶಿನ ಹಚ್ಚುತ್ತಿದ್ದಳು. ಕೊರೆದ ಕಡೆ ಹೂವಿನ ಕೆತ್ತನೆ ಅರ್ಧಕ್ಕೇ ನಿಂತಿತ್ತು.

ಮಾಸ್ತರರೇ, ಇದಕ್ಕೆ ಯಾವ ಪದ ಹಾಕುತ್ತೀರಿ? ಟಾಲರೇಟ್ ಅಂತೂ ಅಲ್ಲ. ಬೇಡ ಅನ್ನಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ನವನಗರ ಮಾಸ್ತರ

ಅಕ್ಕಾರೇ, ನಾನೂ ಅದೇ ನೀರಿಗೆ ಊರು ಬಿಟ್ಟವನು. ನಿಮ್ಮ ತಕರಾರು ನ್ಯಾಯದ್ದು.

ನನಗೆ ಕಾಣುವುದು ಹೀಗೆ. ಮನೆ, ಹೊಲ ಹೋದದ್ದು ಸಫರ್ಡ್. ಅದು ನಮ್ಮ ಮೇಲೆ ಬಂದು ಬಿದ್ದದ್ದು. ಆಮೇಲಿನ ವರ್ಷಗಳು, ನೀವು ಬರೆದ ಆ ಕಾಯುವಿಕೆಯೂ ಸೇರಿ, ಎಂಡ್ಯೂರ್ಡ್. ಬೇರ್ ಕೂಡ ಬರುತ್ತದೆ, ಆದರೆ ಒಂದು ಕಡೆ ಮಾತ್ರ: ಊರಿಗೂ ನಾಡಿಗೂ ನೀರು ಬೇಕಿತ್ತು, ಅದರ ಬೆಲೆಯನ್ನು ಹೊತ್ತವರು ನಾವು. 'ವಿ ಬೋರ್ ದ ಕಾಸ್ಟ್' ಅಂದರೆ ಅದರಲ್ಲಿ ಯಾರ ಸಲುವಾಗಿ ಅನ್ನುವ ಪ್ರಶ್ನೆಯೂ ಬರುತ್ತದೆ. ರೆಸಿಲಿಯಂಟ್ ಪದದಲ್ಲಿ ಆ ಪ್ರಶ್ನೆ ಕಾಣೆಯಾಗುತ್ತದೆ. ಗಟ್ಟಿ ಜನ, ಅವರೇ ಎದ್ದರು ಅಂತ ಹೊಗಳಿ ಮುಗಿಸಿದರೆ ಕೊಡಬೇಕಾದ್ದನ್ನು ಯಾರೂ ಕೇಳುವುದಿಲ್ಲ.

ಎಂಡ್ಯೂರ್ ಪದಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. 1914ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ಅಂಟಾರ್ಕ್ಟಿಕಾಕ್ಕೆ ಹೊರಟ ಹಡಗಿನ ಹೆಸರು ಎಂಡ್ಯೂರೆನ್ಸ್. ವೆಡೆಲ್ ಸಮುದ್ರದ ಹೆಪ್ಪುಗಟ್ಟಿದ ನೀರು ಅದನ್ನು ಹಿಂಡಿ ಹಾಕಿತು. 1915ರ ನವೆಂಬರಿನಲ್ಲಿ ಮುಳುಗಿತು. ಹಡಗಿನಲ್ಲಿದ್ದ 28 ಜನ ಹಿಮದ ಮೇಲೆ, ಆಮೇಲೆ ಸಣ್ಣ ದೋಣಿಗಳಲ್ಲಿ, ಆಮೇಲೆ ಬಂಡೆಯ ದ್ವೀಪದಲ್ಲಿ ದಿನ ಕಳೆದರು. 1916ರ ಆಗಸ್ಟ್ ಕೊನೆಗೆ ಕಡೆಯ 22 ಜನರನ್ನು ಕರೆತಂದಾಗ ಆ 28ರಲ್ಲಿ ಒಬ್ಬರೂ ಸತ್ತಿರಲಿಲ್ಲ. ಹಡಗು ಮಂಜನ್ನು ವಿತ್‌ಸ್ಟ್ಯಾಂಡ್ ಮಾಡಲಿಲ್ಲ. ಜನ ಎಂಡ್ಯೂರ್ ಮಾಡಿದರು. 2022ರ ಮಾರ್ಚಿನಲ್ಲಿ ಆ ಹಡಗು ಸುಮಾರು 3000 ಮೀಟರ್ ಆಳದಲ್ಲಿ ಸಿಕ್ಕಿತು.

ಪರೀಕ್ಷೆ ತಯಾರಿ, ವಿಜಯಪುರ

ಅಕ್ಕಾರು 'ಬೇಡ ಅನ್ನಲು ಕೈಯಲ್ಲಿ ಏನೂ ಇರಲಿಲ್ಲ' ಅಂದದ್ದು ನನಗೆ ಬಹಳ ಹಿಡಿಸಿತು. ಹಾಗಾದರೆ ಟಾಲರೇಟ್ ಮಾಡುವವನ ಕೈಯಲ್ಲಿ ಅಧಿಕಾರ ಇರುತ್ತದೆ ಅಂತಲಾ? ಪ್ರಬಂಧದಲ್ಲಿ ಧಾರ್ಮಿಕ ಸಹಿಷ್ಣುತೆ ಅಂತ ನಾವು ಹೊಗಳಿಯೇ ಬರೆಯುತ್ತೇವೆ.

ನವನಗರ ಮಾಸ್ತರ

ಮನುಷ್ಯರ ವಿಷಯದಲ್ಲಿ ಬಹುಮಟ್ಟಿಗೆ ಹೌದು. ತಡೆಯಬಹುದಿತ್ತು, ತಡೆಯಲಿಲ್ಲ. ಇಂಗ್ಲೆಂಡಿನಲ್ಲಿ 1689ರಲ್ಲಿ ಟಾಲರೇಶನ್ ಆ್ಯಕ್ಟ್ ಬಂತು. ಅಲ್ಲಿಯ ಸರ್ಕಾರಿ ಚರ್ಚಿಗೆ ಸೇರದ ಪ್ರಾಟೆಸ್ಟಂಟರು ತಮ್ಮ ಪಾಡಿಗೆ ಪ್ರಾರ್ಥನೆ ಮಾಡಬಹುದು ಅಂತಾಯಿತು. ಸರ್ಕಾರಿ ಹುದ್ದೆ ಕೊಡಲಿಲ್ಲ. ಕ್ಯಾಥೊಲಿಕರಿಗೆ ಅಷ್ಟೂ ಇಲ್ಲ. ಇರಲಿ ಬಿಡು ಅನ್ನುವುದಕ್ಕೂ ನೀನೂ ನಮ್ಮವನೇ ಅನ್ನುವುದಕ್ಕೂ ಇರುವ ದೂರ ಅಲ್ಲಿ ಕಾಣುತ್ತದೆ.

1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಗಾಂಧೀಜಿ 1930ರಲ್ಲಿ ಯರವಡಾ ಜೈಲಿನಿಂದ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ ಈ ಪದ ತಮಗೆ ಹಿಡಿಸುವುದಿಲ್ಲ ಅಂದಿದ್ದಾರೆ. ಬೇರೆಯವರ ಧರ್ಮ ನಮ್ಮದಕ್ಕಿಂತ ಕೆಳಗಿನದು ಅನ್ನುವ ಭಾವ ಅದರಲ್ಲಿ ಸೇರಿಕೊಳ್ಳಬಹುದು ಅನ್ನುವುದು ಅವರ ಕಾರಣ. ಇದಕ್ಕಿಂತ ಒಳ್ಳೆಯ ಪದ ಹೊಳೆಯಲಿಲ್ಲ ಅಂತಲೂ ಹೇಳಿದ್ದಾರೆ. ಪ್ರಬಂಧದಲ್ಲಿ ಬರೆಯಬೇಡ ಅಂತ ನಾನು ಹೇಳುತ್ತಿಲ್ಲ. ಗೌರವ ಅನ್ನಬೇಕಾದ ಕಡೆ ಸಹಿಷ್ಣುತೆ ಅನ್ನಬೇಡ, ಅಷ್ಟೇ.

ಝೆರಾಕ್ಸ್ ಅಂಗಡಿ, ಗೋಕಾಕ

ಅರ್ಜಿ ಬರೆದುಕೊಡುವ ಅಂಗಡಿ ನನ್ನದು. 2019ರ ಆಗಸ್ಟ್ ನೆರೆಯಲ್ಲಿ ಘಟಪ್ರಭಾ ಊರೊಳಗೆ ಬಂದಾಗ ಎಷ್ಟು ಅರ್ಜಿ ಟೈಪ್ ಮಾಡಿದೆ ಅಂತ ಲೆಕ್ಕ ಇಲ್ಲ. ವಿಮೆ ಕಂಪನಿಗೆ ಇಂಗ್ಲಿಷಿನಲ್ಲೇ ಬೇಕು ಅನ್ನುವವರೂ ಇದ್ದರು. ಕೆಲವರು ತಾವೇ ಬರೆದು ತಂದ ಕಾಗದದಲ್ಲಿ 'ವಿ ಟಾಲರೇಟೆಡ್ ಹೆವಿ ಲಾಸ್' ಅಂತ ಇರುತ್ತಿತ್ತು. ಓದುವವನಿಗೆ ಅದು 'ದೊಡ್ಡ ನಷ್ಟ ಆಯಿತು, ಇರಲಿ ಬಿಡಿ ಅಂದುಕೊಂಡೆವು' ಅಂತ ಕೇಳಿಸುತ್ತದೆ. ಪರಿಹಾರ ಕೇಳುವ ಕಾಗದದಲ್ಲಿ ಇದು ಬರಲೇಬಾರದು.

ನಾನು ಬಳಸುವುದು ಹೀಗೆ. ಬೆಳೆ, ಮನೆ, ದನ ಹೋದದ್ದಕ್ಕೆ ಸಫರ್ಡ್ ಲಾಸ್. ರಿಪೇರಿಗೆ ಸ್ವಂತ ದುಡ್ಡು ಹಾಕಿದ್ದರೆ ಇನ್ಕರ್ಡ್ ಎಕ್ಸ್‌ಪೆನ್ಸಸ್. ಗೋಡೆ ಬಿದ್ದರೆ ಕುಡ್ ನಾಟ್ ವಿತ್‌ಸ್ಟ್ಯಾಂಡ್. ಶಾಲೆಯಲ್ಲಿ ಇರಿಸಿದ್ದರು ಅನ್ನಲು ವರ್ ಪುಟ್ ಅಪ್ ಇನ್ ದ ಸ್ಕೂಲ್. ಇಲ್ಲಿ ಹುಷಾರು: 'ಪುಟ್ ಅಪ್ ಇನ್' ಅಂದರೆ ಉಳಿದುಕೊಳ್ಳುವುದು, 'ಪುಟ್ ಅಪ್ ವಿತ್' ಅಂದರೆ ಕಿರಿಕಿರಿ ತಡೆದುಕೊಳ್ಳುವುದು. ಈ ಎರಡನೆಯದು ಪಕ್ಕದ ಮನೆಯ ಗದ್ದಲ, ಕರೆಂಟ್ ಹೋಗುವುದು, ಇಂಥ ಸಣ್ಣ ಕಾಟಕ್ಕೆ. ಮನೆ ಕೊಚ್ಚಿಹೋದದ್ದಕ್ಕೆ ಅದನ್ನು ಹಾಕಿದರೆ ನೋವು ಸಣ್ಣದಾಗಿ ಕಾಣುತ್ತದೆ.

ವಾರ್ಡ್ ಸಿಸ್ಟರ್, ಬೆಳಗಾವಿ

ಔಷಧಿ ವಿಷಯದಲ್ಲಿ ಇನ್ನೊಂದು ಟಾಲರೆನ್ಸ್ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ನೋವಿನ ಔಷಧಿ, ನಿದ್ದೆ ಗುಳಿಗೆ ಬಹಳ ದಿನ ತೆಗೆದುಕೊಂಡರೆ ಅದೇ ಡೋಸ್ ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಅದಕ್ಕೂ ಟಾಲರೆನ್ಸ್ ಅಂತಲೇ ಹೆಸರು. ಟಾಲರೇಟೆಡ್ ವೆಲ್ ಒಳ್ಳೆಯ ಸುದ್ದಿ, ಇದು ಡಾಕ್ಟರಿಗೆ ತಿಳಿಸಬೇಕಾದ ಸುದ್ದಿ. ತಾವಾಗಿಯೇ ಗುಳಿಗೆ ಹೆಚ್ಚು ಮಾಡಿಕೊಳ್ಳಬಾರದು.

ಪರೀಕ್ಷೆ ತಯಾರಿ, ವಿಜಯಪುರ

ಕೊನೆಯದೊಂದು. 'ಕಾಂಟ್ ಸ್ಟ್ಯಾಂಡ್' ಅಂತ ಕೇಳಿದ್ದೇನೆ. 'ಐ ಸ್ಟ್ಯಾಂಡ್ ದ ಹೀಟ್' ಅಂತ ಬರೆದರೆ ತಪ್ಪಾ?

ನವನಗರ ಮಾಸ್ತರ

ಹಾಗೆ ಬರೆಯಬೇಡ. ಈ ಅರ್ಥದಲ್ಲಿ ಸ್ಟ್ಯಾಂಡ್ ಹೆಚ್ಚಾಗಿ 'ಇಲ್ಲ'ದ ಜೊತೆ ಅಥವಾ ಪ್ರಶ್ನೆಯಲ್ಲಿ ಬರುತ್ತದೆ. ಕಾಂಟ್ ಸ್ಟ್ಯಾಂಡ್ ದ ಹೀಟ್, ಹೌ ಕ್ಯಾನ್ ಯು ಸ್ಟ್ಯಾಂಡ್ ಇಟ್, ಇವು ಸರಿ. ಕಾಂಟ್ ಬೇರ್ ಕೂಡ ಹಾಗೇ. ಅಬೈಡ್, ಬ್ರೂಕ್ ಎರಡೂ ಈ ಅರ್ಥದಲ್ಲಿ ಬಹುತೇಕ 'ಇಲ್ಲ'ದ ಜೊತೆಗೇ ಬರುತ್ತವೆ. ಬ್ರೂಕ್ ಹಳೆಯ ಶೈಲಿಯದು, 'ವಿಲ್ ಬ್ರೂಕ್ ನೋ ಡಿಲೇ' (ತಡ ಸಹಿಸುವುದಿಲ್ಲ) ಅನ್ನುವ ಹಾಗೆ ಸರ್ಕಾರಿ ಆದೇಶದಲ್ಲಿ, ಪತ್ರಿಕೆಯಲ್ಲಿ ಕಾಣುತ್ತದೆ. ಸೆಕೆ ತಡೆದುಕೊಳ್ಳುತ್ತೇನೆ ಅಂತ ಹೌದಿನಲ್ಲಿ ಹೇಳಬೇಕಾದರೆ 'ಐ ಕ್ಯಾನ್ ಟೇಕ್ ದ ಹೀಟ್' ಅಥವಾ 'ಐ ಪುಟ್ ಅಪ್ ವಿತ್ ದ ಹೀಟ್' ಅಂತ ಬರೆ.